ಬಳಸಿದ ಡ್ರೆಸ್ ವಾಚ್ ಕೊಳ್ಳುವಾಗ: ಟ್ಯಾಂಕ್, ರಿವರ್ಸೊ, ಕಲಟ್ರಾವ

ಅಂಗಿಯ ತೋಳಿನೊಳಗೆ ಸಲೀಸಾಗಿ ಸರಿಯುವಷ್ಟು ತೆಳುವಾದ ಮೈ, ಎರಡು ಅಥವಾ ಮೂರು ಮುಳ್ಳು, ಚರ್ಮದ ಪಟ್ಟಿ, ಡಯಲ್ ಮೇಲೆ ಆದಷ್ಟು ಕಡಿಮೆ ಬರಹ: ಡ್ರೆಸ್ ವಾಚ್ ಎಂಬ ಮಾತಿಗೆ ಇಷ್ಟೇ ಅರ್ಥ. ಮದುವೆಗೋ ಮುಂಜಿಗೋ ಹೊರಡುವ ದಿನ ಬೀರುವಿನಿಂದ ಹೊರತೆಗೆದು, ಕೀ ಕೊಟ್ಟು, ಒಮ್ಮೆ ಕಿವಿಗೆ ಹಿಡಿದು ನೋಡಿ ಕಟ್ಟಿಕೊಳ್ಳುತ್ತಿದ್ದ ಬೆಂಗಳೂರಿನ ಎಚ್‌ಎಂಟಿ ಜನತಾ ಕೂಡ ಸ್ವಭಾವದಲ್ಲಿ ಡ್ರೆಸ್ ವಾಚೇ ಆಗಿತ್ತು. ಈ ಬರಹದ ವಿಷಯವೆಂದರೆ ಅದಕ್ಕಿಂತ ಬಹಳ ದುಬಾರಿಯಾದ ಅದರ ದೂರದ ನೆಂಟರು: ಪ್ಯಾರಿಸ್ಸಿನ ಕಾರ್ಟಿಯೇ ಟ್ಯಾಂಕ್, ಸ್ವಿಟ್ಜರ್ಲೆಂಡಿನ ಜೂ ಕಣಿವೆಯ ಜೇಗರ್-ಲಕೂಲ್ಟ್ ರಿವರ್ಸೊ ಮತ್ತು ಜಿನೀವಾದ ಪಟೆಕ್ ಫಿಲಿಪ್ ಕಲಟ್ರಾವ. ಮೂರೂ ಶತಮಾನದ ಆಸುಪಾಸಿನ ವಿನ್ಯಾಸಗಳು, ಮೂರೂ ಇಂದಿಗೂ ತಯಾರಾಗುತ್ತಿವೆ; ಹಾಗಾಗಿ ಬಳಸಿದ ವಾಚುಗಳ ಮಾರುಕಟ್ಟೆಯಲ್ಲಿ ಇವನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ, ಸಿಗುವ ಹತ್ತರಲ್ಲಿ ಒಳ್ಳೆಯದನ್ನು ಆರಿಸುವುದೇ ಕಷ್ಟದ ಕೆಲಸ.

ಬಳಸಿದ್ದನ್ನೇ ಏಕೆ ಕೊಳ್ಳಬೇಕು ಎಂಬುದಕ್ಕೆ ಉತ್ತರ ಸರಳ. ಉಕ್ಕಿನ ಸ್ಪೋರ್ಟ್ಸ್ ವಾಚುಗಳಿಗಾಗಿ ಜನರು ವರ್ಷಗಟ್ಟಲೆ ಸರದಿಯಲ್ಲಿ ಕಾದ ಕಾಲದಲ್ಲೂ ತೆಳ್ಳನೆಯ ಚಿನ್ನದ ವಾಚಿಗೆ ಅಂಥ ನೂಕುನುಗ್ಗಲು ಇರಲಿಲ್ಲ. ಅಂಗಡಿಯ ಬಾಗಿಲು ದಾಟಿದ ಮೇಲೆ ಸಾಮಾನ್ಯವಾಗಿ ಇದರ ಬೆಲೆ ಗಣನೀಯವಾಗಿ ಇಳಿಯುತ್ತದೆ, ಮತ್ತು ಆ ನಷ್ಟವನ್ನು ಮೊದಲ ಒಡೆಯರು ಆಗಲೇ ಹೊತ್ತಿರುತ್ತಾರೆ. ಇದೇ ಮಾತು ಮುಂದೆ ನಿಮಗೂ ಅನ್ವಯಿಸುತ್ತದೆ, ಏಕೆಂದರೆ ನೀವು ಮಾರಲು ಹೊರಟಾಗಲೂ ಕೊಳ್ಳುವವರು ಕಡಿಮೆಯೇ. ಲಾಭದ ಲೆಕ್ಕದಿಂದ ಈ ಕಡೆ ಬರುವವರಿಗೆ ನಿವೇಶನವೋ ಬಂಗಾರದ ಗಟ್ಟಿಯೋ ಹೆಚ್ಚು ಒಪ್ಪೀತು. ಕಟ್ಟಿಕೊಳ್ಳುವ ಆಸೆಯಿಂದ ಬರುವವರಿಗಾಗಿ ಮುಂದಿನ ಮಾತು.

ಹಿಂದಕ್ಕೆ ಬಾರದ್ದು ಯಾವುದು

ಹಳೆಯ ವಾಚನ್ನು ಕೈಗೆತ್ತಿಕೊಂಡ ಬಹುತೇಕರು ಮೊದಲು ಕೇಳುವ ಪ್ರಶ್ನೆ, ಓಡುತ್ತದೆಯೇ, ಎಷ್ಟು ನಿಮಿಷ ತಪ್ಪುತ್ತದೆ ಎಂಬುದು. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು. ಈ ಮೂರು ಮನೆತನಗಳ ಕೀ ಕೊಡುವ ಯಂತ್ರಗಳು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಕೂಡಿಸಲೆಂದೇ ಮಾಡಿದವು; ಬುಗ್ಗೆ ಮುರಿದಿದ್ದರೂ, ಹಲ್ಲು ಸವೆದಿದ್ದರೂ ದುಡ್ಡು ಕೊಟ್ಟು ಸರಿಮಾಡಿಸಬಹುದು. ಡಯಲ್ ಹಾಗಲ್ಲ. ಅದರ ಮೇಲಿನ ಬೆಳ್ಳಿಯ ಹೊಳಪು, ಮುದ್ರಿತ ಅಕ್ಷರ, ವಾರ್ನಿಷಿನ ಪದರ ಒಮ್ಮೆ ಹೋದರೆ ಹೋಯಿತು. ಆಮೇಲೆ ಅದರ ಜಾಗದಲ್ಲಿ ಬರುವುದು ಇನ್ನೊಬ್ಬರ ಕೈಬರಹ ಅಥವಾ ಕಾರ್ಖಾನೆಯ ಹೊಸ ಬಿಡಿಭಾಗ. ವಾಚಿನ ಲೋಹದ ಮೈ, ಅಂದರೆ ಕೇಸಿನ ಕಥೆಯೂ ಅದೇ. ಒಡವೆಗೆ ಪಾಲಿಶ್ ಕೊಡಿಸಿದಾಗ ತೂಕ ಇಳಿಯುವುದನ್ನು ಅಕ್ಕಸಾಲಿಗರ ಅಂಗಡಿಯಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಗೀರು ಮಾಯವಾಗುವುದೆಂದರೆ ಅದರ ಸುತ್ತಲಿನ ಲೋಹ ಮಾಯವಾಗುವುದು. ಎರಡು ಮೂರು ಸಲ ಗಟ್ಟಿಯಾಗಿ ಪಾಲಿಶ್ ಆದ ಚಿನ್ನದ ಕೇಸಿನಲ್ಲಿ ಪಟ್ಟಿಯನ್ನು ಹಿಡಿಯುವ ನಾಲ್ಕು ಕೊಂಬುಗಳು ಬಾಯಲ್ಲಿಟ್ಟು ಚೀಪಿದ ಕಲ್ಲುಸಕ್ಕರೆಯ ಹಾಗೆ ಮೊಂಡಾಗಿರುತ್ತವೆ.

ಆದ್ದರಿಂದ ನನ್ನ ಪರೀಕ್ಷೆಯ ಕ್ರಮ ಡಯಲ್, ಆಮೇಲೆ ಕೇಸ್, ಆಮೇಲೆ ಯಂತ್ರ, ಆಮೇಲೆ ಕಾಗದಪತ್ರ. ಡಬ್ಬಿ ಎಲ್ಲಕ್ಕಿಂತ ಕೊನೆಗೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ ಮತ್ತು ಪಕ್ಕದಿಂದ ಬೀಳುವ ಬೆಳಕು ಇದ್ದರೆ ಮೊದಲ ಎರಡನ್ನು ಯಾರು ಬೇಕಾದರೂ ನೋಡಬಹುದು. ಕೇಸಿನ ಅಂಚುಗಳು ಗೆರೆ ಎಳೆದಂತೆ ಇವೆಯೇ, ಎಡ ಬಲದ ಕೊಂಬುಗಳ ದಪ್ಪ ಒಂದೇ ಇದೆಯೇ, ಚಿನ್ನದ ಮುದ್ರೆ ಓದಲು ಬರುತ್ತದೆಯೇ ಎಂಬುದನ್ನು ಗಮನಿಸಬೇಕು. 916 ನೋಡಿ ರೂಢಿಯಾದ ನಮ್ಮ ಕಣ್ಣಿಗೆ ಇಲ್ಲಿ 750 ಕಾಣುತ್ತದೆ, ಅಂದರೆ 18 ಕ್ಯಾರೆಟ್. ಸ್ವಿಸ್ ಕೇಸುಗಳಲ್ಲಿ ಅದರ ಜೊತೆಗೆ 1995ರವರೆಗೆ ಹೆಲ್ವೀಷಿಯಾ ಎಂಬ ಸ್ತ್ರೀಮುಖದ ಮುದ್ರೆ, ಅಲ್ಲಿಂದ ಮುಂದೆ ಸೇಂಟ್ ಬರ್ನಾರ್ಡ್ ನಾಯಿಯ ತಲೆಯ ಮುದ್ರೆ ಇರುತ್ತದೆ. ಫ್ರಾನ್ಸಿನಲ್ಲಿ ಮಾಡಿದ ಚಿನ್ನದ ಕೇಸಿಗೆ ಹದ್ದಿನ ತಲೆ. ಇವು ತೀರ ಚಿಕ್ಕ ಗುರುತುಗಳು, ಪಾಲಿಶ್ ಚಕ್ರಕ್ಕೆ ಮೊದಲು ಬಲಿಯಾಗುವುದೂ ಇವೇ. ಹಾಗಾಗಿ ಮುದ್ರೆ ಮಸುಕಾಗಿದ್ದರೆ ಅದು ಚಿನ್ನವೋ ಅಲ್ಲವೋ ಎಂಬ ಅನುಮಾನಕ್ಕಿಂತ ಮೊದಲು, ಎಷ್ಟು ಚಿನ್ನ ಉಳಿದಿದೆ ಎಂಬ ಅನುಮಾನ ಬರಬೇಕು.

ಟ್ಯಾಂಕ್: ಚಿನ್ನವೋ ಗಿಲೀಟೋ

ಲೂಯಿ ಕಾರ್ಟಿಯೇ ಟ್ಯಾಂಕನ್ನು ರೂಪಿಸಿದ್ದು 1917ರಲ್ಲಿ, ಅದು ಮಾರಾಟಕ್ಕೆ ಬಂದದ್ದು 1919ರಲ್ಲಿ. ಮೊದಲ ಮಹಾಯುದ್ಧದ ರೆನೋ ಟ್ಯಾಂಕನ್ನು ಮೇಲಿನಿಂದ ನೋಡಿದಾಗ ಕಾಣುವ ಆಕಾರದಿಂದ ಈ ವಿನ್ಯಾಸ ಹುಟ್ಟಿತು ಎನ್ನುವುದು ರೂಢಿಯ ಕಥೆ. ಕೇಸಿನ ಎರಡು ಪಕ್ಕದ ಲೋಹದ ಪಟ್ಟಿಗಳೇ ಮುಂದುವರಿದು ಬೆಲ್ಟನ್ನು ಹಿಡಿಯುವ ಕೊಂಬುಗಳಾಗುತ್ತವೆ, ಕೇಸ್ ಎಲ್ಲಿ ಮುಗಿಯಿತು, ಕೊಂಬು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಸೊಗಸು ಇರುವುದೇ ಅಲ್ಲಿ.

ಕೊಳ್ಳುವವರು ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಟ್ಯಾಂಕುಗಳೊಳಗಿನ ಜಾತಿಭೇದವನ್ನು. 1922ರಲ್ಲಿ ಬಂದ ಟ್ಯಾಂಕ್ ಲೂಯಿ ಕಾರ್ಟಿಯೇ ಎಂಬ ಮೃದು ಅಂಚಿನ ರೂಪವನ್ನು ಅಮೂಲ್ಯ ಲೋಹದಲ್ಲೇ ಮಾಡುತ್ತ ಬಂದಿದ್ದಾರೆ. ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ವಾಚುಗಳು ಸ್ವಿಸ್ ಉದ್ಯಮವನ್ನು ನಡುಗಿಸುತ್ತಿದ್ದ 1977ರಲ್ಲಿ ಬಂದ ಮಸ್ಟ್ ಟ್ಯಾಂಕ್ ಮಾತ್ರ ಬೆಳ್ಳಿಯ ಕೇಸಿಗೆ ಚಿನ್ನದ ಲೇಪ ಕೊಟ್ಟದ್ದು; ವರ್ಮೆ ಎಂಬ ಫ್ರೆಂಚ್ ಹೆಸರು ಎಷ್ಟೇ ಘನವಾಗಿ ಕೇಳಿಸಿದರೂ ನಮ್ಮ ಮಾತಿನಲ್ಲಿ ಅದು ಗಿಲೀಟು. ಹಿಂಬದಿಯಲ್ಲಿ 'ಆರ್ಜಾಂ', 'ಪ್ಲಾಕೆ ಓರ್', '20 ಎಂ' ಎಂಬ ಬರಹಗಳನ್ನು ಕಂಡರೆ, ಬೆಳ್ಳಿಯ ಮೇಲೆ 20 ಮೈಕ್ರಾನ್ ದಪ್ಪದ ಚಿನ್ನದ ಪದರ ಎಂದು ತಿಳಿಯಬೇಕು. 20 ಮೈಕ್ರಾನ್ ಕಡಿಮೆಯ ಪದರವೇನಲ್ಲ, ಒಳ್ಳೆಯ ಬಳಕೆಗೆ ದಶಕಗಳ ಕಾಲ ಬಾಳುತ್ತದೆ. ಆದರೆ ಕೊಂಬಿನ ತುದಿ ಮತ್ತು ಹಿಂಬದಿಯ ಅಂಚು ಬೆವರಿಗೂ ಬಟ್ಟೆಗೂ ಉಜ್ಜಿ ಉಜ್ಜಿ ಅಲ್ಲಿ ಬೆಳ್ಳಿ ಇಣುಕುತ್ತದೆ, ಇಣುಕಿದ ಬೆಳ್ಳಿ ಕಪ್ಪಾಗುತ್ತದೆ. ಇಂಥ ವಾಚನ್ನು ಪಾಲಿಶ್‌ಗೆ ಕೊಡುವುದೆಂದರೆ ಇದ್ದ ಚಿನ್ನವನ್ನೂ ಕಳೆದುಕೊಳ್ಳುವುದು. ಮಾರುವವರು ಜಾಹೀರಾತಿನಲ್ಲಿ ಬರಿಯ 'ಗೋಲ್ಡ್ ಟ್ಯಾಂಕ್' ಎಂದಷ್ಟೇ ಬರೆದಿದ್ದರೆ, ಹಿಂಬದಿಯ ಚಿತ್ರ ಕೇಳದೆ ಮುಂದಿನ ಮಾತಿಗೆ ಹೋಗಬಾರದು.

ಹೀಗೆಂದ ಮಾತ್ರಕ್ಕೆ ಮಸ್ಟ್ ಕೀಳು ಎಂದು ನಾನು ಹೇಳುವುದಿಲ್ಲ. ಕೆಂಪು, ಕಪ್ಪು, ನೀಲಿಯ ಒಂದೇ ಬಣ್ಣದ, ಅಂಕಿಯಿಲ್ಲದ ಡಯಲ್‌ಗಳು ಆ ಕಾಲದ ಧೈರ್ಯದ ವಿನ್ಯಾಸಗಳು, ಮತ್ತು ಈ ಬರಹದಲ್ಲಿ ಬರುವ ಕಾರ್ಟಿಯೇ, ಜೇಗರ್, ಪಟೆಕ್‌ಗಳಲ್ಲೆಲ್ಲ ಕಡಿಮೆ ಬೆಲೆಗೆ ಸಿಗುವುದು ಇದೇ. ಅರಗಿನಂತೆ ಹೊಳೆಯುವ ಆ ಬಣ್ಣದಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಬಂದಿವೆಯೇ ಎಂದು ಬೆಳಕನ್ನು ಓರೆಯಾಗಿಸಿ ನೋಡಬೇಕು. ಬಂದಿದ್ದರೆ ಅವು ಹೋಗುವುದಿಲ್ಲ. ರೋಮನ್ ಅಂಕಿಗಳ ಡಯಲ್ ಆದರೆ ಏಳನ್ನು ಅಥವಾ ಹತ್ತನ್ನು ಸೂಚಿಸುವ ಅಂಕಿಯ ಒಂದು ಕಾಲಿನಲ್ಲಿ ಕಂಪನಿಯ ಹೆಸರನ್ನೇ ಗೆರೆಯಂತೆ ಬರೆದಿರುತ್ತಾರೆ. ಕಳ್ಳಮಾಲನ್ನು ಹಿಡಿಯಲು ಇದು ಉಪಯುಕ್ತ, ಆದರೆ ಇದೊಂದನ್ನೇ ನಂಬಿ ಕೂರುವಂತಿಲ್ಲ; ನಕಲಿ ಮಾಡುವವರೂ ಭೂತಗನ್ನಡಿ ಇಟ್ಟುಕೊಂಡಿದ್ದಾರೆ. ಮೂಲದಲ್ಲಿ ಆ ಅಕ್ಷರಗಳು ಹರಿತವಾಗಿ, ಒಂದನ್ನೊಂದು ಮುಟ್ಟದೆ ನಿಂತಿರುತ್ತವೆ.

ಟ್ಯಾಂಕುಗಳಲ್ಲಿ ಕ್ವಾರ್ಟ್ಜ್ ಯಂತ್ರವೂ ಇದೆ, ಕೀ ಕೊಡುವುದೂ ಇದೆ. ವಾರಕ್ಕೊಮ್ಮೆ ಕಟ್ಟುವವರಿಗೆ ಬ್ಯಾಟರಿಯ ವಾಚ್ ಅನುಕೂಲವೇ, ಅದರಲ್ಲಿ ಮರ್ಯಾದೆ ಕಡಿಮೆಯಾಗುವುದೇನಿಲ್ಲ. ಬ್ಯಾಟರಿ ಸತ್ತ ಮೇಲೆ ವರ್ಷಗಟ್ಟಲೆ ಡಬ್ಬಿಯಲ್ಲಿ ಬಿದ್ದಿದ್ದ ವಾಚಿನಲ್ಲಿ ಅದು ಸೋರಿ ಒಳಗೆ ಕಿಲುಬು ಹಿಡಿದಿರಬಹುದಾದ್ದರಿಂದ ಹಿಂಬದಿ ತೆಗೆಸಿ ನೋಡುವುದು ಅಗತ್ಯ. ದೊಡ್ಡ ಅಳತೆಯ ಇತ್ತೀಚಿನ ಟ್ಯಾಂಕ್ ಲೂಯಿ 33.7 × 25.5 ಮಿ.ಮೀ. ಇದ್ದು, ಅದರೊಳಗಿನ 1917 ಎಂಸಿ ಎಂಬ ಕೀ ಕೊಡುವ ಯಂತ್ರ ಸುಮಾರು 38 ಗಂಟೆ ಓಡುತ್ತದೆ. ಕಾಗದದ ಮೇಲೆ ಚಿಕ್ಕದೆನಿಸುವ ಈ ಅಳತೆ ಕೈಮೇಲೆ ಚಿಕ್ಕದಾಗಿ ಕಾಣುವುದಿಲ್ಲ. ಆಯತಕ್ಕೆ ನಾಲ್ಕು ಮೂಲೆಗಳಿರುವುದರಿಂದ ಅದೇ ಅಗಲದ ದುಂಡು ವಾಚಿಗಿಂತ ಅದು ಹೆಚ್ಚು ಜಾಗ ತುಂಬುತ್ತದೆ.

ರಿವರ್ಸೊ: ಪೋಲೊ ಮೈದಾನದ ಕೂಸು

ಮೂರರಲ್ಲಿ ಭಾರತದ ಮಣ್ಣಿನ ಋಣವಿರುವ ವಾಚ್ ಇದೊಂದೇ. ಇಲ್ಲಿ ಪೋಲೊ ಆಡುತ್ತಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳು ಆಟದ ಪೆಟ್ಟಿಗೆ ವಾಚಿನ ಗಾಜು ಒಡೆಯುತ್ತದೆಂದು ದೂರಿದಾಗ, ಸ್ವಿಸ್ ವ್ಯಾಪಾರಿ ಸೆಸಾರ್ ದ ತ್ರೇ ಆ ಸಮಸ್ಯೆಯನ್ನು ವಾಚ್ ತಯಾರಕ ಜಾಕ್-ದಾವಿದ್ ಲಕೂಲ್ಟ್ ಅವರ ಬಳಿಗೆ ಒಯ್ದರು. ರೆನೆ-ಆಲ್ಫ್ರೆಡ್ ಶೋವೊ ಎಂಬ ಎಂಜಿನಿಯರ್ ರೂಪಿಸಿದ, ಗಾಜನ್ನು ಒಳಮುಖ ಮಾಡಿ ಲೋಹದ ಬೆನ್ನನ್ನು ಹೊರಕ್ಕೆ ತಿರುಗಿಸುವ ಕೇಸಿಗೆ 1931ರ ಮಾರ್ಚ್ 4ರಂದು ಪ್ಯಾರಿಸ್ಸಿನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಎರಡನೆಯ ಮಹಾಯುದ್ಧದ ನಂತರ ಬೇಡಿಕೆ ಕುಸಿದು ಈ ಮಾದರಿ ಬಹುತೇಕ ಮರೆಯಾಗಿದ್ದಾಗ, 1970ರ ದಶಕದ ಆರಂಭದಲ್ಲಿ ಜಾರ್ಜೊ ಕೊರ್ವೊ ಎಂಬ ಇಟಲಿಯ ವಿತರಕರು ಕಾರ್ಖಾನೆಯಲ್ಲಿ ಉಳಿದಿದ್ದ 200 ಖಾಲಿ ಕೇಸುಗಳನ್ನು ಕೊಂಡು, ಯಂತ್ರ ಹಾಕಿಸಿ, ಎಲ್ಲವನ್ನೂ ಮಾರಿಬಿಟ್ಟರು. ಇಂದಿನ ರಿವರ್ಸೊಗಳಿರುವುದು ಆ ಹಠದಿಂದ.

ಐವತ್ತಕ್ಕೂ ಹೆಚ್ಚು ಬಿಡಿಭಾಗಗಳ ಕೇಸ್ ಇದು, ಆದ್ದರಿಂದ ಇಲ್ಲಿ ಕೇಸೇ ಅರ್ಧ ಯಂತ್ರ. ಪರೀಕ್ಷೆಯೂ ಬೇರೆ ಬಗೆಯದು. ಕೇಸನ್ನು ಪಕ್ಕಕ್ಕೆ ಸರಿಸಿ ಮಗುಚುವಾಗ ಅದು ತಡೆಯಿಲ್ಲದೆ ಜಾರಬೇಕು, ಕೊನೆಯಲ್ಲಿ ಸಣ್ಣದೊಂದು ಟಕ್ ಸದ್ದಿನೊಂದಿಗೆ ಕೂರಬೇಕು. ಕೂತ ಮೇಲೆ ಬೆರಳಲ್ಲಿ ಅಲುಗಾಡಿಸಿದರೆ ಲೊಡಲೊಡ ಎನ್ನಬಾರದು. ತಿರುಗಿಸಿದಾಗ ಕಾಣುವ ಅಡಿತಟ್ಟೆಯ ಮೇಲೆ ದೂಳಿನ ಕಣ ಸಿಕ್ಕಿ ಎಳೆದ ಗೀರುಗಳು ಇದ್ದೇ ಇರುತ್ತವೆ, ಅವು ನಿತ್ಯದ ಬಳಕೆಯ ಗುರುತುಗಳು. ಉದ್ದಕ್ಕೂ ಆಳವಾದ ಒಂದೇ ಗೀರು ಇದ್ದರೆ ಮಾತ್ರ ಕೇಸ್ ಸ್ವಲ್ಪ ಸೊಟ್ಟಗಾಗಿದೆ ಎಂದು ಶಂಕಿಸಬೇಕು. ಡಯಲ್‌ನ ಮೇಲೂ ಕೆಳಗೂ ಇರುವ ಮೂರು ಮೂರು ಅಡ್ಡಗೆರೆಗಳ ಆಳ ಪಾಲಿಶ್ ಆಗಿದೆಯೇ ಎಂಬುದಕ್ಕೆ ಒಳ್ಳೆಯ ಸಾಕ್ಷಿ: ಗೆರೆಗಳ ನಡುವಿನ ದಿಬ್ಬ ಚಪ್ಪಟೆಯಾಗಿ, ಅಂಚು ದುಂಡಾಗಿದ್ದರೆ ಯಾರೋ ಪಾಲಿಶ್ ಚಕ್ರಕ್ಕೆ ಹಿಡಿದಿದ್ದಾರೆ.

ಖಾಲಿ ಬೆನ್ನು ರಿವರ್ಸೊದ ಆಕರ್ಷಣೆ, ಬಳಸಿದ ರಿವರ್ಸೊದ ತಲೆನೋವೂ ಅದೇ. 1930ರ ದಶಕದಲ್ಲೇ ಅದರ ಮೇಲೆ ಭಾರತೀಯ ಸ್ತ್ರೀಯ ಎನಾಮಲ್ ಚಿತ್ರ ಬರೆಸಿದ್ದುಂಟು. ಸಾಮಾನ್ಯರು ತಮ್ಮ ಹೆಸರಿನ ಮೊದಲಕ್ಷರಗಳನ್ನೋ ಮದುವೆಯ ದಿನಾಂಕವನ್ನೋ ಕೆತ್ತಿಸುತ್ತಾರೆ. ಪಾತ್ರೆಯ ಮೇಲೆ ಹೆಸರು ಹಾಕಿಸುವ ನಮಗೆ ಇದು ಹೊಸತೇನಲ್ಲ, ಆದರೆ ಬೇರೆಯವರ ಹೆಸರಿನ ಪಾತ್ರೆಯನ್ನು ದುಬಾರಿ ಬೆಲೆಗೆ ಕೊಳ್ಳುವುದು ಹೊಸತು. ಕೆತ್ತನೆಯಿರುವ ರಿವರ್ಸೊ ಅಗ್ಗವಾಗಿ ಸಿಗುತ್ತದೆ. ಅದನ್ನು ಉಜ್ಜಿ ತೆಗೆಸಿದರಾಯಿತು ಎಂಬ ಆಲೋಚನೆ ಬೇಡ, ಬೆನ್ನು ತೆಳುವಾಗುತ್ತದೆ, ಬೆಳಕಿನಲ್ಲಿ ತಗ್ಗು ಕಾಣುತ್ತದೆ. ಮಾರುವವರೇ ಹಾಗೆ ತೆಗೆಸಿಟ್ಟಿದ್ದಾರೆಯೇ ಎಂದು ತಿಳಿಯಲು ಕಿಟಕಿಯ ಸರಳಿನ ಪ್ರತಿಬಿಂಬವನ್ನು ಬೆನ್ನಿನ ಮೇಲೆ ಬೀಳಿಸಿ ನೋಡಿ. ಸಮತಟ್ಟಾಗಿದ್ದರೆ ಗೆರೆ ನೇರ, ಇಲ್ಲವಾದರೆ ನೀರಲ್ಲಿ ಕಂಡಂತೆ ಬಳುಕುತ್ತದೆ. ನನ್ನ ಮಟ್ಟಿಗೆ, ಅಂದವಾಗಿ ಕೆತ್ತಿದ ಅಪರಿಚಿತ ಅಕ್ಷರಗಳು ಉಜ್ಜಿದ ಬೆನ್ನಿಗಿಂತ ಎಷ್ಟೋ ಮೇಲು.

ಯಾವ ರಿವರ್ಸೊ? 1931ರಿಂದ 33ರವರೆಗಿನ ಆರಂಭದ ವಾಚುಗಳಲ್ಲಿ ತವಾನ್ ಕಂಪನಿಯ ಯಂತ್ರ ಇರುವುದು ಸಹಜ, ಏಕೆಂದರೆ ಆಗ ಲಕೂಲ್ಟ್ ಬಳಿ ಆ ಕೇಸಿಗೆ ಹೊಂದುವ ತನ್ನದೇ ಯಂತ್ರ ಇರಲಿಲ್ಲ. ಆದರೆ ಅವು ಸಂಗ್ರಾಹಕರ ವಸ್ತುಗಳು, ಕಟ್ಟಿಕೊಂಡು ತಿರುಗುವವರಿಗೆ ಹೇಳಿದವಲ್ಲ. 1980ರ ದಶಕದ ಮಧ್ಯದಲ್ಲಿ ಕೇಸನ್ನು ಹೊಸದಾಗಿ ರೂಪಿಸಿ ನೀರು, ದೂಳುಗಳಿಂದ ರಕ್ಷಣೆ ಹೆಚ್ಚಿಸಿದರು. ಅದರ ನಂತರ, 1990ರ ದಶಕದಲ್ಲಿ ಬಂದ ಗ್ರಾಂಡ್ ತೈ ಎಂಬ ಅಳತೆ, ಅಂದರೆ ಸುಮಾರು 42 × 26 ಮಿ.ಮೀ., ಗಂಡಸರ ಕೈಗೆ ಹದವಾದದ್ದು. ಅದರೊಳಗಿನ 822 ಯಂತ್ರ ಕೇಸಿನ ಆಕಾರಕ್ಕೆ ತಕ್ಕಂತೆ ಆಯತವಾಗಿಯೇ ಇದೆ. ಚೌಕ ಡಬ್ಬಿಯಲ್ಲಿ ದುಂಡು ಲಡ್ಡು ಇಟ್ಟಂತೆ ಮಾಡುವ ಕಂಪನಿಗಳ ನಡುವೆ ಇದೊಂದು ಗೌರವದ ವಿಷಯ. ಮುಖ್ಯವಾಗಿ ಇದು ಉಕ್ಕಿನಲ್ಲಿ ಸಿಗುತ್ತದೆ. ಉಕ್ಕು ಚಿನ್ನಕ್ಕಿಂತ ಗಟ್ಟಿಯಾದ್ದರಿಂದ ನಾನು ಮೊದಲು ಹೇಳಿದ ಅಳತೆಗೋಲಿನಲ್ಲಿ, ಅಂದರೆ ಉಳಿದ ಲೋಹದ ಲೆಕ್ಕದಲ್ಲಿ, ಬಳಸಿದ ಉಕ್ಕಿನ ರಿವರ್ಸೊ ಉಳಿದೆರಡಕ್ಕಿಂತ ಸುಲಭವಾಗಿ ತೇರ್ಗಡೆಯಾಗುತ್ತದೆ.

ಕಲಟ್ರಾವ: ದುಂಡು ವಾಚಿನ ಮೂಲಪಾಠ

ಡಯಲ್ ಕಾರ್ಖಾನೆಯ ಒಡೆಯರಾಗಿದ್ದ ಸ್ಟರ್ನ್ ಸೋದರರು ಪಟೆಕ್ ಫಿಲಿಪ್ ಕಂಪನಿಯನ್ನು ಕೊಂಡ ವರ್ಷವೇ, 1932ರಲ್ಲಿ, 96 ಎಂಬ ಸಂಖ್ಯೆಯ ಮಾದರಿ ಬಂತು. ಸುಮಾರು 31 ಮಿ.ಮೀ.ಗಳ ಆ ದುಂಡು ವಾಚ್ ಕಲಟ್ರಾವ ವಂಶದ ಮೊದಲನೆಯದು. ಡಯಲ್ ಮಾಡುವವರು ಕೊಂಡ ಕಂಪನಿಯ ವಾಚಿನಲ್ಲಿ ಡಯಲ್ ಎಷ್ಟು ಮುಖ್ಯ ಎಂಬುದು ಆ ಕಾಲದ ಪ್ರತಿಗಳಲ್ಲಿ ಚೆನ್ನಾಗಿ ಕಾಣುತ್ತದೆ: ಕಂಪನಿಯ ಹೆಸರನ್ನು ಲೋಹದಲ್ಲಿ ಕೊರೆದು, ಎನಾಮಲ್ ತುಂಬಿ, ಕಾಯಿಸಿ ಕೂರಿಸುತ್ತಿದ್ದರು. ಭೂತಗನ್ನಡಿಯಲ್ಲಿ ಆ ಅಕ್ಷರಗಳು ಮೇಲ್ಮೈಯಿಂದ ಸ್ವಲ್ಪ ಎದ್ದು, ತುಂಬಿಕೊಂಡು ಕಾಣುತ್ತವೆ. ಡಯಲನ್ನು ಉಜ್ಜಿ ತೊಳೆದಿದ್ದರೆ ಮೊದಲು ಸವೆಯುವುದು ಅಕ್ಷರದ ಮೇಲಿನ ಚುಕ್ಕೆ, ಗೆರೆ, ಕಂಪನಿಯ ಹೆಸರಿನ ಕೆಳಗಿನ ಸಣ್ಣ ಬರಹ. ಅಂಥ ವಾಚ್ ಚೊಕ್ಕಟವಾಗಿ ಹೊಳೆಯುತ್ತಿದ್ದರೂ ಕೈಬಿಡುವುದು ಒಳಿತು. ಮಾಸಿದ, ಆದರೆ ಅಕ್ಷರ ಪೂರ್ತಿ ಉಳಿದ ಡಯಲ್ ಅದಕ್ಕಿಂತ ಬೆಲೆಯುಳ್ಳದ್ದು.

ಬಳಸಿದ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಎದುರಾಗುವುದು ಎರಡು ಮಾದರಿ, ಅವುಗಳ ನಡುವಿನ ಆಯ್ಕೆ ನನಗೆ ಬಹಳ ಸ್ವಾರಸ್ಯದ್ದೆನಿಸುತ್ತದೆ. ಒಂದು, 1985ರಲ್ಲಿ ಬಂದ 3919: ಸುಮಾರು 33 ಮಿ.ಮೀ., ಬಿಳಿ ಡಯಲ್, ಕಪ್ಪು ರೋಮನ್ ಅಂಕಿ, ಅಂಚಿನ ಉಂಗುರದ ಮೇಲೆ ಸಾಲು ಸಾಲಾಗಿ ಪುಟ್ಟ ಪಿರಮಿಡ್ಡುಗಳು. ಇನ್ನೊಂದು, 2004ರ 5196: 37 ಮಿ.ಮೀ., ನಯವಾದ ಅಂಚು, 96ರ ನೇರ ಮೊಮ್ಮಗ. ಎರಡರ ಒಳಗೂ ಇರುವುದು ಒಂದೇ 215 ಪಿಎಸ್ ಯಂತ್ರ, ಅದರ ಅಡ್ಡಗಲ 21.9 ಮಿ.ಮೀ., ದಪ್ಪ 2.55 ಮಿ.ಮೀ. ತೊಡಕು ಹುಟ್ಟುವುದು ಇಲ್ಲಿ. ಸೆಕೆಂಡಿನ ಸಣ್ಣ ಮುಳ್ಳು ಎಲ್ಲಿ ಕೂರಬೇಕೆಂಬುದನ್ನು ಯಂತ್ರದ ಅಳತೆಯೇ ನಿರ್ಧರಿಸುವುದರಿಂದ, ದೊಡ್ಡ ಕೇಸಿನ 5196ರಲ್ಲಿ ಆ ಪುಟ್ಟ ವೃತ್ತ ನಡುಮಧ್ಯಕ್ಕೆ ಒತ್ತಿಕೊಂಡು, ಅಂಚಿನ ಕಡೆ ಬಯಲು ಬಿಟ್ಟಂತೆ ಕಾಣುತ್ತದೆ. 33 ಮಿ.ಮೀ. ಕೇಸಿನಲ್ಲಿ ಅದೇ ವೃತ್ತ ಇರಬೇಕಾದ ಜಾಗದಲ್ಲೇ ಇದೆ. ಕಂಪನಿ 2021ರಲ್ಲಿ 6119 ತಂದಾಗ 39 ಮಿ.ಮೀ. ಕೇಸಿಗಾಗಿ ದೊಡ್ಡದಾದ ಹೊಸ ಯಂತ್ರವನ್ನೇ ಮಾಡಿದ್ದು ಈ ದೂರಿಗೆ ಕೊಟ್ಟ ಉತ್ತರ ಎಂದೇ ನಾನು ಓದಿಕೊಳ್ಳುತ್ತೇನೆ. ಒಮ್ಮೆ ಕಂಡ ಮೇಲೆ ಈ ದೋಷ ಕಣ್ಣಿನಿಂದ ಹೋಗುವುದಿಲ್ಲ. ಕಾಣದವರಿಗೆ 5196ರಷ್ಟು ಶಾಂತವಾದ ವಾಚ್ ಇನ್ನೊಂದಿಲ್ಲ. ನಡುವಿನ ದಾರಿ ಬೇಕೆಂದರೆ 2006ರಲ್ಲಿ ಬಂದ 36 ಮಿ.ಮೀ.ನ 5119 ಇದೆ.

3919ರ ಪಿರಮಿಡ್ಡುಗಳಿಂದ ಕೊಳ್ಳುವವರಿಗೆ ಇನ್ನೊಂದು ಉಪಕಾರವುಂಟು. ನಯವಾದ ಚಿನ್ನದ ಅಂಚನ್ನು ಪಾಲಿಶ್ ಮಾಡಿದ್ದು ತಿಳಿಯುವುದು ಕಷ್ಟ, ಆದರೆ ಪಿರಮಿಡ್ಡಿನ ಮೊನೆ ಸುಳ್ಳು ಹೇಳುವುದಿಲ್ಲ: ಮೊನೆಗಳು ಬೆರಳಿಗೆ ಚುರುಕಾಗಿ ತಾಗಿದರೆ ಯಾರೂ ಮುಟ್ಟಿಲ್ಲ, ಚಪ್ಪಟೆಯಾಗಿ ಹೊಳೆದರೆ ಮುಟ್ಟಿದ್ದಾರೆ. ಹಿಂದಿನ ಅಭಿರುಚಿಯ ಅಳತೆಯಾದ್ದರಿಂದ 3919 ಅನ್ನು ಚಿಕ್ಕದೆಂದು ಹಲವರು ಬಿಟ್ಟುಬಿಡುತ್ತಾರೆ, ಬೆಲೆಯೂ 5196ಕ್ಕಿಂತ ಕೆಳಗೆ ನಿಲ್ಲುತ್ತದೆ. ಹಾಗಿದ್ದರೂ ಅದು ಅಗ್ಗವಲ್ಲ. ಒಂದು ಒಳ್ಳೆಯ 3919ರ ಬೆಲೆಗೆ ಉಕ್ಕಿನ ಗ್ರಾಂಡ್ ತೈ ರಿವರ್ಸೊ ಎರಡಾದರೂ ಬರುತ್ತವೆ.

ಒಮೆಗಾ ಎಂಬ ನಾಲ್ಕನೆಯ ದಾರಿ, ಬಣ್ಣ ಬಳಿದ ಡಯಲ್‌ಗಳ ಅಪಾಯ

ಇಷ್ಟು ಹಣ ಹಾಕಲು ಮನಸ್ಸಿಲ್ಲದವರು 1940ರಿಂದ 60ರ ದಶಕದವರೆಗಿನ ಒಮೆಗಾಗಳನ್ನು ನೋಡುವುದು ಲೇಸು. 1939ರ 30 ಮಿ.ಮೀ. ಕೀ ಕೊಡುವ ಯಂತ್ರ ಮತ್ತು ಅದರ ಮುಂದಿನ ಪೀಳಿಗೆಗಳು ಇಂದಿಗೂ ಕರಾರುವಾಕ್ಕಾಗಿ ಓಡುತ್ತವೆ, 1952ರಲ್ಲಿ ಶುರುವಾದ ಕಾನ್‌ಸ್ಟೆಲೇಷನ್ ಎಂಬ ಒಮೆಗಾ ಸಾಲಿನ ಮಡಚಿದ ಅಂಚಿನ ಡಯಲ್ ಯಾವ ದುಬಾರಿ ವಾಚಿನ ಪಕ್ಕದಲ್ಲೂ ಸಪ್ಪೆಯೆನಿಸುವುದಿಲ್ಲ.

ಆದರೆ ನಮ್ಮ ದೇಶದಲ್ಲಿ ಹಳೆಯ ಒಮೆಗಾ ಎಂದರೆ ಡಯಲ್ ಬಗ್ಗೆ ಇಮ್ಮಡಿ ಎಚ್ಚರ ಬೇಕು. ಹಳೆಯ ವಾಚುಗಳ ಡಯಲ್ ಅಳಿಸಿ, ಹೊಸ ಬಣ್ಣ ಬಳಿದು, ಅಕ್ಷರ ಅಚ್ಚುಹಾಕಿ ಮಾರುವ ಕಸಬು ಇಲ್ಲಿ ಎಷ್ಟು ಬೆಳೆದಿದೆ ಎಂದರೆ ಹೊರದೇಶದ ಸಂಗ್ರಾಹಕರು ಅಂಥವಕ್ಕೆ 'ಬಾಂಬೆ ಸ್ಪೆಷಲ್', 'ಮುಂಬಯಿ ಸ್ಪೆಷಲ್' ಎಂದು ಹೆಸರಿಟ್ಟಿದ್ದಾರೆ. ನಾನು ಕೊಂಡ ಮೊದಲ ಒಮೆಗಾ ಅಂಥದ್ದೇ. ಅಂಗಡಿಯ ದೀಪದಲ್ಲಿ ಹಾಲಿನಂತೆ ಬಿಳುಪಾಗಿದ್ದ ಡಯಲ್ ಮನೆಗೆ ಬಂದು ಭೂತಗನ್ನಡಿಗೆ ಸಿಕ್ಕಾಗ, ಕೆಳಗಿನ 'ಸ್ವಿಸ್ ಮೇಡ್' ಎಂಬ ಸಾಲು ಸೊಟ್ಟಗೆ ಕೂತಿತ್ತು, ನಿಮಿಷದ ಗೆರೆಗಳು ಗಂಟೆಯ ಕಡ್ಡಿಗಳಿಗೆ ಸರಿಹೊಂದುತ್ತಿರಲಿಲ್ಲ, ಕಡ್ಡಿಗಳ ಬುಡಕ್ಕೆ ಬಣ್ಣ ಮೆತ್ತಿಕೊಂಡಿತ್ತು. ಈ ಮೂರು ಗುರುತುಗಳನ್ನು ಅಂದಿನಿಂದ ಮರೆತಿಲ್ಲ. ಐವತ್ತು ವರ್ಷ ಹಳೆಯ ವಾಚಿನ ಡಯಲ್ ನಿನ್ನೆ ತಂದಂತೆ ಕಂಡರೆ, ಅದನ್ನು ನಿನ್ನೆಯೇ ತಂದಿರುವ ಸಾಧ್ಯತೆ ಹೆಚ್ಚು.

ಯಂತ್ರ

ಡಯಲ್ ಮತ್ತು ಕೇಸ್ ಒಪ್ಪಿಗೆಯಾದ ಮೇಲೆ ವಾಚನ್ನು ಟೈಮ್‌ಗ್ರಾಫರ್ ಎಂಬ, ಟಿಕ್ ಸದ್ದನ್ನು ಆಲಿಸಿ ಓಟವನ್ನು ಅಳೆಯುವ ಉಪಕರಣದ ಮೇಲೆ ಇಡಿಸಬೇಕು. ಪೂರ್ತಿ ಕೀ ಕೊಟ್ಟು ಡಯಲ್ ಮೇಲ್ಮುಖವಾಗಿ ಮಲಗಿಸಿದಾಗ ಒಳಗೆ ಅತ್ತಿತ್ತ ತಿರುಗುವ ತೂಗುಚಕ್ರದ ಬೀಸು 270ರಿಂದ 310 ಡಿಗ್ರಿಯ ನಡುವೆ ಇದ್ದರೆ ಆರೋಗ್ಯವಾಗಿದೆ ಎಂದರ್ಥ. ಹಳೆಯ ನಿಧಾನಗತಿಯ ಯಂತ್ರಗಳಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆಯಿದ್ದರೂ ನಡೆದೀತು, 220ಕ್ಕಿಂತ ಕೆಳಗಿಳಿದರೆ ಸರ್ವಿಸ್ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಬೇಕು. ಒಂದು ಸೂಕ್ಷ್ಮ: ಆ ಉಪಕರಣಕ್ಕೆ ಪ್ರತಿ ಯಂತ್ರದ ಲಿಫ್ಟ್ ಆ್ಯಂಗಲ್ ಎಂಬ ಕೋನವನ್ನು ಮೊದಲು ತಿಳಿಸಬೇಕು, ತಪ್ಪು ಕೋನ ಕೊಟ್ಟರೆ ಬೀಸಿನ ಅಂಕಿಯೂ ತಪ್ಪು ಬರುತ್ತದೆ. 52 ಡಿಗ್ರಿಗೆ ಇಟ್ಟುಬಿಟ್ಟು ಎಲ್ಲ ವಾಚನ್ನೂ ಅಳೆಯುವ ಅಂಗಡಿಗಳಿವೆ.

ಐದರಿಂದ ಏಳು ವರ್ಷಕ್ಕೊಮ್ಮೆ ಸರ್ವಿಸ್ ಬೇಕಾಗುತ್ತದೆ, ಅದರ ಖರ್ಚನ್ನು ಕೊಳ್ಳುವ ದಿನವೇ ಲೆಕ್ಕಕ್ಕೆ ಹಿಡಿಯಬೇಕು. 1839ರಿಂದ ತಾನು ಮಾಡಿದ ಯಾವ ವಾಚನ್ನಾದರೂ ದುರಸ್ತಿ ಮಾಡಿಕೊಡುತ್ತೇನೆ ಎನ್ನುವುದು ಪಟೆಕ್‌ನ ಮಾತು, ಆದರೆ ಆ ಭರವಸೆಗೆ ತಕ್ಕ ಬಿಲ್ಲೂ ಬರುತ್ತದೆ. ಯಾವ ಕಂಪನಿಗೆ ಕೊಟ್ಟರೂ 'ಕೇಸ್ ಪಾಲಿಶ್ ಬೇಡ, ಡಯಲ್ ಬದಲಿಸಬೇಡಿ' ಎಂದು ಅರ್ಜಿಯಲ್ಲೇ ಬರೆಸಬೇಕು. ಕೆಲವೆಡೆ ಪಾಲಿಶ್ ಸರ್ವಿಸಿನ ಭಾಗವೇ ಆಗಿರುತ್ತದೆ, ಹೇಳದಿದ್ದರೆ ಉಪಕಾರವೆಂದುಕೊಂಡು ಮಾಡಿಬಿಡುತ್ತಾರೆ.

ನೀರಿನ ವಿಚಾರ ಬೇಗ ಮುಗಿಯುತ್ತದೆ: ಹಿಂಬದಿಯಲ್ಲಿ 30 ಮೀಟರ್ ಎಂದು ಬರೆದಿದ್ದರೂ ಕೈ ತೊಳೆಯುವಾಗಿನ ಹನಿಗಷ್ಟೇ ಅದು ಸಾಕು. ಮಂಗಳೂರಿನ ಸೆಖೆಯಲ್ಲಿ ಚರ್ಮದ ಪಟ್ಟಿ ಒಂದು ಮಳೆಗಾಲ ದಾಟುವುದೇ ಹೆಚ್ಚು. ಬೀರುವಿನಲ್ಲಿ ನ್ಯಾಫ್ತಲೀನ್ ಗುಳಿಗೆಯ ಪಕ್ಕದಲ್ಲಿ ಇಡುವುದಂತೂ ಬೇಡ.

ಕಾಗದಪತ್ರ, ಸುಂಕ, ಹಣ

ಕಾಗದದ ವಿಷಯದಲ್ಲಿ ಮೂರರಲ್ಲಿ ಹೆಚ್ಚು ತೂಕವಿರುವುದು ಪಟೆಕ್‌ಗೆ. ವಾಚಿನ ಜೊತೆ ಕೊಟ್ಟ ಮೂಲ ಪ್ರಮಾಣಪತ್ರ ಕಳೆದರೆ ಕಂಪನಿ ಮತ್ತೊಂದನ್ನು ಕೊಡುವುದಿಲ್ಲ; ತನ್ನ ದಫ್ತರಿನಿಂದ ತಯಾರಿಯ ಮತ್ತು ಮಾರಾಟದ ದಿನಾಂಕಗಳಿರುವ ಉದ್ಧೃತ ಪತ್ರವನ್ನು ಶುಲ್ಕಕ್ಕೆ ಕೊಡುತ್ತದೆ. ಕೇಸಿಗೂ ಯಂತ್ರಕ್ಕೂ ಬೇರೆ ಬೇರೆ ಸಂಖ್ಯೆಗಳಿರುತ್ತವೆ, ಎರಡೂ ಕಾಗದದೊಂದಿಗೆ ತಾಳೆಯಾಗಬೇಕು. ಟ್ಯಾಂಕ್, ರಿವರ್ಸೊಗಳಲ್ಲಿ ಕಾಗದವಿಲ್ಲದ ಒಳ್ಳೆಯ ವಾಚನ್ನು ಬಿಟ್ಟು ಕಾಗದವಿರುವ ಸವೆದ ವಾಚನ್ನು ಕೊಳ್ಳುವುದು ಮೂರ್ಖತನ. ಬಿಡಿಯಾಗಿ ಡಬ್ಬಿಗಳನ್ನು ಮಾರುವ ಪೇಟೆಯೇ ಇರುವುದರಿಂದ ಡಬ್ಬಿ ಏನನ್ನೂ ಸಾಬೀತು ಮಾಡುವುದಿಲ್ಲ.

ಜಪಾನಿನ ಅಥವಾ ಯುರೋಪಿನ ಮಾರಾಟಗಾರರಿಂದ ನೇರವಾಗಿ ತರಿಸುವ ಆಸೆ ಎಲ್ಲರಿಗೂ ಬರುತ್ತದೆ. ಭಾರತದ ವಿದೇಶ ವ್ಯಾಪಾರ ನೀತಿಯಲ್ಲಿ ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದು ನಿರ್ಬಂಧಿತ ಪಟ್ಟಿಯಲ್ಲಿದೆ ಎಂಬುದನ್ನು ತಿಳಿಯದೆ ಅಂಚೆಯಲ್ಲಿ ತರಿಸಿ, ಸುಂಕದ ಕಚೇರಿಗೆ ಅಲೆಯುವುದು ಸುಖವಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲೇ ಕೊಂಡು ಅಲ್ಲೇ ಕಟ್ಟಿಕೊಳ್ಳುವುದಾದರೆ ಈ ತಾಪತ್ರಯವಿಲ್ಲ. ಇಲ್ಲಿನವರು ತಮ್ಮ ದುಬಾರಿ ವಾಚನ್ನು ಕಟ್ಟಿಕೊಂಡು ವಿದೇಶಕ್ಕೆ ಹೋಗುವಾಗ ವಿಮಾನ ನಿಲ್ದಾಣದ ಸುಂಕದವರಿಂದ ರಫ್ತು ಪ್ರಮಾಣಪತ್ರ ಬರೆಸಿಕೊಂಡರೆ, ಮರಳುವಾಗ ಅದು ಹೊಸದಾಗಿ ಕೊಂಡದ್ದಲ್ಲ ಎಂದು ತೋರಿಸಲು ಒಂದು ಚೀಟಿ ಇರುತ್ತದೆ. ದೇಶದೊಳಗಿನ ಖರೀದಿಯಲ್ಲಿ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದನ್ನು ಮಾರುವವರು ಪಡೆಯುವಂತಿಲ್ಲ. 10 ಲಕ್ಷ ಮೀರಿದ ಕೈಗಡಿಯಾರಗಳ ಮಾರಾಟಕ್ಕೆ 2025ರ ಏಪ್ರಿಲ್ 22ರಿಂದ ಶೇಕಡ 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ಕೊಳ್ಳುವವರಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಬಂದಿದೆ. ಬಿಲ್ ಬೇಡವೆಂದರೆ ಇಷ್ಟು ಕಡಿಮೆ ಎನ್ನುವ ಅಂಗಡಿಯಿಂದ ಎದ್ದು ಬರುವುದಕ್ಕೆ ಇಷ್ಟು ಕಾರಣ ಸಾಕು, ಏಕೆಂದರೆ ನಾಳೆ ವಾಚ್ ನಕಲಿಯೆಂದು ತಿಳಿದರೆ ನಿಮ್ಮ ಕೈಯಲ್ಲಿ ಹಿಡಿದು ನಿಲ್ಲಲು ಏನೂ ಇರುವುದಿಲ್ಲ.

ಯಾರಿಗೆ ಯಾವುದು

ಒಂದೇ ಒಳ್ಳೆಯ ವಾಚ್ ಬೇಕು, ಅದನ್ನು ಮದುವೆಗೂ ಆಫೀಸಿಗೂ ಕಟ್ಟಬೇಕು, ಪ್ರತಿ ಗೀರಿಗೂ ಎದೆ ಧಸಕ್ ಎನ್ನಬಾರದು ಎನ್ನುವವರಿಗೆ ನಾನು ಉಕ್ಕಿನ ಗ್ರಾಂಡ್ ತೈ ರಿವರ್ಸೊವನ್ನು ಹೇಳುತ್ತೇನೆ. ಮಣಿಕಟ್ಟು ಸಣ್ಣದಿರುವವರಿಗೆ, ಗಂಡ ಹೆಂಡತಿ ಇಬ್ಬರೂ ಸರದಿಯಲ್ಲಿ ಕಟ್ಟುವ ಮನೆಗಳಿಗೆ, ಚಿನ್ನವೇ ಬೇಕೆನ್ನುವವರಿಗೆ ಟ್ಯಾಂಕ್ ಲೂಯಿ ಸರಿ. ಅದಕ್ಕೆ ಹಣ ಸಾಲದಿದ್ದರೆ ಗಿಲೀಟು ಗಟ್ಟಿಯಾಗಿ ಉಳಿದಿರುವ ಕೆಂಪು ಡಯಲ್‌ನ ಮಸ್ಟ್, ಗಿಲೀಟಿನ ಬೆಲೆಯನ್ನೇ ಕೊಟ್ಟು. ಕಲಟ್ರಾವ ಕೊಳ್ಳುವವರು ಈಗಾಗಲೇ ಒಂದೆರಡು ವಾಚ್ ಕೊಂಡು, ಕಟ್ಟಿ, ಕಣ್ಣು ಪಳಗಿಸಿಕೊಂಡವರಾಗಿದ್ದರೆ ಚೆನ್ನ. ಅದರ ಗುಣ ಇರುವುದು ಅಂಚಿನ ಹರಿತದಲ್ಲಿ, ಅಕ್ಷರದ ಉಬ್ಬಿನಲ್ಲಿ, ವೃತ್ತ ಕೂತ ಜಾಗದಲ್ಲಿ. ಇವು ಕಾಣದ ಕಣ್ಣಿಗೆ ಅಷ್ಟು ದುಡ್ಡು ಏಕೆ ಕೊಟ್ಟೆವೆಂಬುದೇ ತಿಳಿಯದು. ನಾನು ಕೊಳ್ಳುವುದಾದರೆ ಮೊನೆ ಉಳಿದ 3919, ಬೇರೆಯವರು ಅದನ್ನು ಚಿಕ್ಕದೆಂದು ಬಿಟ್ಟುಹೋಗುತ್ತಿರುವವರೆಗೆ.

ಹಣ ಕೊಡುವ ಮುನ್ನ ಬೆಲ್ಟಿನ ಬಕಲನ್ನು ತಿರುಗಿಸಿ ನೋಡಿ. ಚಿನ್ನದ ವಾಚಿಗೆ ಚಿನ್ನದ ಬಕಲ್ ಬಂದಿರುತ್ತದೆ, ಅದರ ಒಳಮೈಯಲ್ಲೂ 750ರ ಮುದ್ರೆ ಇರುತ್ತದೆ; ಅದನ್ನು ಬಿಚ್ಚಿಟ್ಟುಕೊಂಡು ಲೇಪದ ಬಕಲ್ ಹಾಕಿ ಮಾರುವುದು ಅಪರೂಪವೇನಲ್ಲ, ಮತ್ತು ಮೂಲ ಬಕಲನ್ನು ಬೇರೆಯಾಗಿ ಕೊಳ್ಳಹೋದರೆ ನಮ್ಮ ಅಪ್ಪಂದಿರ ಎಚ್‌ಎಂಟಿಗಳು ಹಲವು ಬರುವಷ್ಟು ಬೆಲೆಯಾಗುತ್ತದೆ.